ಮನೆ ಕೆಡವಬೇಡಿ, ಬಿಚ್ಚಿ

ಪ್ರಶ್ನೆ: ಬೆಂಗಳೂರಿನ ಹನುಮಂತನಗರದಲ್ಲಿ 30×40 ಸೈಟಿನಲ್ಲಿ ನಮ್ಮ ಹಳೇ ಮನೆ ಇದೆ. ಮುಂಭಾಗ 1961ರಲ್ಲಿ ನಮ್ಮ ಮಾವನವರು ಕಟ್ಟಿಸಿದ್ದು. ಸುಣ್ಣದ ಗಾರೆಯ ಗೋಡೆ, ಮಂಗಳೂರು ಹೆಂಚು. ಹಿಂದಿನ ಎರಡು ರೂಮು 1986ರಲ್ಲಿ ಸೇರಿಸಿದ್ದು, ಅದು ಸಿಮೆಂಟು ಮತ್ತು ಆರ್‌ಸಿಸಿ. ಹಿತ್ತಲಲ್ಲಿ ಸಿಮೆಂಟ್ ಶೀಟಿನ ಶೆಡ್ ಇದೆ. ಈಗ ಇದನ್ನು ತೆಗೆದು ಹೊಸದು ಕಟ್ಟಬೇಕು. ಕೆಡವುವವರು "ಜೆಸಿಬಿ ತರ್ತೀವಿ, ಮೂರು ದಿನದಲ್ಲಿ ಸೈಟು ಕ್ಲೀನ್" ಅಂತಾರೆ. ಡೆಬ್ರೀಸ್ ಎಲ್ಲಿಗೆ ಹಾಕ್ತೀರಿ ಅಂದರೆ "ಅದರ ಚಿಂತೆ ನಿಮಗ್ಯಾಕಮ್ಮ" ಅಂತಾರೆ. ಮಗಳು, ಇದನ್ನೆಲ್ಲ ಮತ್ತೆ ಬಳಸಬಹುದು ಅಂತಾಳೆ. ಹಾಗೆ ಬಳಸಿದರೆ ಹೊಸ ಮನೆ ಗಟ್ಟಿ ಇರುತ್ತಾ? ಉಳಿದದ್ದನ್ನು ಎಲ್ಲಿಗೆ ಕಳಿಸಬೇಕು?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ, ಅಮ್ಮ. ಆದರೆ ಒಂದು ಷರತ್ತಿದೆ. ಹಳೇ ಮನೆಯ ಸಾಮಾನು ಮತ್ತೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಅನ್ನೋದು ಕೆಡವಿದ ಮೇಲೆ ತೀರ್ಮಾನ ಆಗುವುದಿಲ್ಲ. ಕೆಡವುವ ರೀತಿಯಲ್ಲೇ ತೀರ್ಮಾನ ಆಗಿಬಿಡುತ್ತದೆ. ಜೆಸಿಬಿಯ ಬಕೆಟ್ಟು ಗೋಡೆಗೆ ತಗುಲಿದ ಆ ಮೊದಲ ಗಂಟೆಯಲ್ಲಿ ಇಟ್ಟಿಗೆ, ಗಾರೆ, ಹೆಂಚು, ಮರ, ವೈರು, ಪೈಪು, ಗಾಜು ಎಲ್ಲ ಒಂದೇ ರಾಶಿಯಾಗುತ್ತದೆ. ಬೇರೆ ಬೇರೆ ಇದ್ದಾಗ ಒಂದೊಂದಕ್ಕೂ ಬೆಲೆ ಇತ್ತು. ಬೆರೆತ ಮೇಲೆ ಯಾರಿಗೂ ಬೇಡದ ಡೆಬ್ರೀಸ್. ಹಾಗಾಗಿ ಮನೆ ಕೆಡವಬೇಡಿ, ಬಿಚ್ಚಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಕಟ್ಟಿದ ಕ್ರಮಕ್ಕೆ ಉಲ್ಟಾ ಕ್ರಮದಲ್ಲಿ, ಕೊನೆಗೆ ಕೂಡಿಸಿದ್ದನ್ನು ಮೊದಲು ತೆಗೆಯಬೇಕು.

ಮೊದಲು ನಿಮ್ಮ ಮನೆಯಲ್ಲಿ ಎಷ್ಟು ಸಾಮಾನಿದೆ ನೋಡೋಣ. ಒಂದು ಚದರ ಮೀಟರ್ ಕಟ್ಟಡ ಕೆಡವಿದರೆ 300ರಿಂದ 500 ಕಿಲೋ ಅವಶೇಷ ಬರುತ್ತದೆ ಅನ್ನೋದು ನಮ್ಮ ದೇಶದಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿರುವ ಅಂದಾಜು. ಸಾವಿರ ಚದರಡಿ, ಅಂದರೆ 93 ಚದರ ಮೀಟರಿನ ಮನೆಗೆ ಆ ಲೆಕ್ಕದಲ್ಲಿ 28ರಿಂದ 47 ಟನ್. ನಿಮ್ಮಂಥ ಹಳೇ ಮನೆಗೆ ಈ ಲೆಕ್ಕ ಸಾಲದು. ಒಂಬತ್ತಿಂಚಿನ ಗೋಡೆ, ಹತ್ತಡಿ ಎತ್ತರ, ಒಳಗೋಡೆ ಸೇರಿ ಇನ್ನೂರು ಅಡಿ ಉದ್ದ ಅಂತ ಇಟ್ಟುಕೊಳ್ಳಿ. ಬಾಗಿಲು, ಕಿಟಕಿಯ ಜಾಗ ಕಳೆದರೆ ಸುಮಾರು 35 ಘನ ಮೀಟರ್ ಗೋಡೆ. ಇಟ್ಟಿಗೆ ಗೋಡೆ ಘನ ಮೀಟರಿಗೆ ಹತ್ತಿರ ಹತ್ತಿರ 1.9 ಟನ್ ತೂಗುತ್ತದೆ. ಬರೀ ಗೋಡೆಯೇ 65 ಟನ್ ದಾಟಿತು. ಹಿಂದಿನ ರೂಮುಗಳ ಸ್ಲ್ಯಾಬು ಇನ್ನು ಒಂಬತ್ತು ಹತ್ತು ಟನ್. ಪ್ಲಾಸ್ಟರು, ನೆಲ ಸೇರಿದರೆ ನೆಲದ ಮೇಲಿನದ್ದೇ 90 ಟನ್ ಆಗುತ್ತದೆ. ಹತ್ತು ಟನ್ ಹೊರುವ ಟಿಪ್ಪರ್ ಒಂಬತ್ತು ಸಲ ಓಡಬೇಕು. ತಳಪಾಯದ ಕಲ್ಲು ಬೇರೆ, ಅದೂ ಹೆಚ್ಚುಕಮ್ಮಿ ಗೋಡೆಯಷ್ಟೇ ತೂಗುತ್ತದೆ. "ಅದರ ಚಿಂತೆ ನಿಮಗ್ಯಾಕೆ" ಅಂದವರು ಇಷ್ಟು ಭಾರವನ್ನು ಎಲ್ಲಿಗೋ ಒಂದು ಕಡೆ ಸುರಿಯಲೇಬೇಕಲ್ವಾ?

ಆ ಜಾಗ ಸಾಮಾನ್ಯವಾಗಿ ಊರಾಚೆಯ ಖಾಲಿ ಸೈಟು, ಕೆರೆಯಂಚು ಅಥವಾ ರಾಜಕಾಲುವೆಯ ದಡ. ಕೆರೆಗೆ ಬಿದ್ದರೆ ನೀರು ನಿಲ್ಲುವ ಜಾಗ ಅಷ್ಟು ಕಡಿಮೆಯಾಯಿತು. ಕಾಲುವೆಗೆ ಬಿದ್ದರೆ ನೀರು ಹರಿಯುವ ದಾರಿಯೇ ಕಟ್ಟಿಕೊಂಡಿತು. ಜೊತೆಗೆ ಸಿಮೆಂಟು, ಸುಣ್ಣದಿಂದ ಇಳಿಯುವ ಕ್ಷಾರ ನೀರಿಗೆ ಸೇರುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಮಹದೇವಪುರದ ಕಡೆ ಮಳೆಗೆ ರಸ್ತೆಗಳು ಮುಳುಗಿ ಜನ ಟ್ರಾಕ್ಟರ್, ದೋಣಿಗಳಲ್ಲಿ ಓಡಾಡಿದ್ದನ್ನು ನಾವೆಲ್ಲ ನೋಡಿದ್ದೇವೆ. ಅದಕ್ಕೆ ಕಾರಣ ಹಲವು. ಆದರೆ ನೀರಿನ ದಾರಿಯನ್ನು ಉಳಿಸಿಕೊಳ್ಳದ ಊರು ನಮ್ಮದು ಅನ್ನೋದು ಆ ವಾರ ಎಲ್ಲರ ಕಣ್ಣಿಗೂ ಬಿತ್ತು. ನಿಮ್ಮ ಮಾವನವರು ಕಟ್ಟಿಸಿದ ಮನೆಯ ಇಟ್ಟಿಗೆ ಅಂಥ ಕಾಲುವೆಯಲ್ಲಿ ಬೀಳಬಾರದು.

ಕಾನೂನೂ ಇದನ್ನೇ ಹೇಳುತ್ತದೆ. ಕಟ್ಟಡ ನಿರ್ಮಾಣ ಮತ್ತು ಕೆಡವಿದ ತ್ಯಾಜ್ಯ ನಿರ್ವಹಣಾ ನಿಯಮಗಳು 2016ರಲ್ಲಿ ಬಂದವು. ಅವಶೇಷ ಉಂಟುಮಾಡಿದವರೇ ಅದನ್ನು ಬೇರ್ಪಡಿಸಿ ಇಡಬೇಕು, ರಸ್ತೆಗೋ ಚರಂಡಿಗೋ ಅಡ್ಡ ಆಗದಂತೆ ನೋಡಿಕೊಳ್ಳಬೇಕು ಅಂತ ಅವು ಹೇಳಿದವು. ಹಾಗಾಗಿ ಕೆಡವುವವರಿಗೆ ಗುತ್ತಿಗೆ ಕೊಟ್ಟರೂ ಮನೆಯ ಯಜಮಾನರ ಜವಾಬ್ದಾರಿ ಮುಗಿಯುವುದಿಲ್ಲ. ದಿನಕ್ಕೆ 20 ಟನ್ ಅಥವಾ ಒಂದು ಕೆಲಸದಲ್ಲಿ ತಿಂಗಳಿಗೆ 300 ಟನ್ನಿಗಿಂತ ಜಾಸ್ತಿ ಬರುವವರಿಗೆ ಇನ್ನೂ ಬಿಗಿ ನಿಯಮಗಳನ್ನು ಇಟ್ಟರು. ಕಾಂಕ್ರೀಟು, ಮಣ್ಣು, ಕಬ್ಬಿಣ-ಮರ-ಪ್ಲಾಸ್ಟಿಕ್ಕು, ಇಟ್ಟಿಗೆ-ಗಾರೆ ಅಂತ ಬೇರೆ ಬೇರೆ ಮಾಡಿ, ಮೊದಲೇ ಯೋಜನೆ ಬರೆದುಕೊಟ್ಟು ಒಪ್ಪಿಗೆ ಪಡೆಯಬೇಕು ಅಂದರು. ಇಲ್ಲೊಂದು ವಿಷಯ ಗಮನಿಸಿ. ನಿಮ್ಮ ಮನೆ 300 ಟನ್ ಮುಟ್ಟುವುದಿಲ್ಲ. ಆದರೆ 90 ಟನ್ನನ್ನು ಮೂರು ದಿನದಲ್ಲಿ ಬೀಳಿಸಿದರೆ ದಿನಕ್ಕೆ 30 ಟನ್ ಆಯಿತು. ಹದಿನೈದು ದಿನದಲ್ಲಿ ಬಿಚ್ಚಿದರೆ ಆರೇ ಟನ್. 2025ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿ ಅಂತ ಗೊತ್ತುಮಾಡಿತು. ಅದರಲ್ಲಿ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳ ಮೇಲೆ ಮರುಬಳಕೆಯ ಹೊಣೆ ಹೊರಿಸಿದ್ದಾರೆ. ಅದು ದೊಡ್ಡ ಬಿಲ್ಡರುಗಳ ಮಾತು.

ಈಗ ಬಿಚ್ಚುವ ಕೆಲಸಕ್ಕೆ ಬರೋಣ. ಕರೆಂಟು, ನೀರು, ಗ್ಯಾಸು ಕಡಿಸಿದ ಮೇಲೆ ಮೊದಲ ಕೈ ಹಿತ್ತಲ ಶೆಡ್ಡಿಗೆ. ಆ ಕಾಲದ ಸಿಮೆಂಟ್ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ ಅಂತಲೇ ತಿಳಿಯಿರಿ. ಅದು ಸುಮ್ಮನೆ ಇದ್ದರೆ ತೊಂದರೆ ಕಡಿಮೆ, ಒಡೆದರೆ ಅಪಾಯ. ಕಣ್ಣಿಗೆ ಕಾಣದ ನಾರು ಶ್ವಾಸಕೋಶಕ್ಕೆ ಹೋಗಿ ಕೂರುತ್ತದೆ, ಕಾಯಿಲೆ ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುತ್ತದೆ. ಶೀಟನ್ನು ಚೆನ್ನಾಗಿ ನೆನೆಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿಸಿ. ಕೆಲಸದವರಿಗೆ ಬಟ್ಟೆ ಸುತ್ತಿಕೊಂಡರೆ ಸಾಲದು, ಸಣ್ಣ ಧೂಳು ತಡೆಯುವ ಮಾಸ್ಕನ್ನೇ ಕೊಡಿ. ಇದನ್ನು ಮಿಕ್ಕ ಡೆಬ್ರೀಸಿನ ಜೊತೆ ಸೇರಿಸಲೇಬೇಡಿ, ಯಾರಿಗೂ ದಾನವನ್ನೂ ಮಾಡಬೇಡಿ. ಇದು ಅಪಾಯಕಾರಿ ತ್ಯಾಜ್ಯ. ಎಲ್ಲಿಗೆ ಕೊಡಬೇಕು ಅಂತ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಕೇಳಿ. ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳುವ ಮಾತು ಇದೇ.

ಆಮೇಲೆ ಬಾಗಿಲು, ಕಿಟಕಿ, ಬಾಗಿಲವಾಡ. ಆ ಕಾಲದ ಮನೆಗಳಲ್ಲಿ ತೇಗ, ಹೊನ್ನೆ, ಮತ್ತಿ ಸಿಗುತ್ತದೆ. ಗೆದ್ದಲು ಹತ್ತಿದೆಯಾ ಅಂತ ಸುತ್ತಿಗೆ ಹಿಡಿಯಿಂದ ತಟ್ಟಿ ನೋಡಿ, ಟೊಳ್ಳು ಸದ್ದು ಬರಬಾರದು. ಅರವತ್ತು ವರ್ಷ ಒಣಗಿದ ಮರ ಇನ್ನು ಡೊಂಕಾಗುವುದು ಕಡಿಮೆ, ಹಾಗಾಗಿ ಹೊಸ ಮನೆಗೆ ಅದನ್ನೇ ಬಳಸಿ ಅನ್ನುತ್ತೇನೆ. ಮೊಳೆಗಳನ್ನು ಪೂರ್ತಿ ಕೀಳಿಸಿ ಆಮೇಲೆ ಗರಗಸಕ್ಕೆ ಕೊಡಿ. ಹಳೇ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆ ಇದೆ. ಆ ಮರದ ಚೂರನ್ನು ನೀರು ಕಾಯಿಸುವ ಒಲೆಗೆ ಹಾಕಬೇಡಿ.

ಹೆಂಚನ್ನು ಮೇಲಿಂದ ಕೈಯಿಂದ ಕೈಗೆ ದಾಟಿಸಿ ಇಳಿಸಬೇಕು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಈ ಹೆಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುವಂಥದ್ದು. ಗಾರೆ ಹಾಕಿ ಅಂಟಿಸಿಲ್ಲ, ಹಾಗಾಗಿ ಇಡೀ ಮನೆಯಲ್ಲಿ ಸುಲಭವಾಗಿ ವಾಪಸ್ ಸಿಗುವ ಸಾಮಾನು ಇದೇ. ಬೆರಳಲ್ಲಿ ತಟ್ಟಿದಾಗ ಠಣ್ ಅಂದರೆ ಇಟ್ಟುಕೊಳ್ಳಿ. ತೋಟದ ಮನೆ ಕಟ್ಟುವವರು ಹಳೇ ಹೆಂಚನ್ನು ಹುಡುಕಿಕೊಂಡು ಬಂದು ಕೊಳ್ಳುತ್ತಾರೆ.

ಗೋಡೆಯಲ್ಲಿ ನಿಮ್ಮ ಮನೆಯ ಎರಡು ಭಾಗ ಎರಡು ಥರ ನಡೆದುಕೊಳ್ಳುತ್ತದೆ. ಮುಂಭಾಗದ ಸುಣ್ಣದ ಗಾರೆ ಇಟ್ಟಿಗೆಗಿಂತ ಮೆತ್ತಗೆ. ಮೇಲಿನ ವರಸೆಯಿಂದ ಶುರುಮಾಡಿ ಉಳಿ, ಸುತ್ತಿಗೆಯಲ್ಲಿ ತಟ್ಟಿದರೆ ಗಾರೆಯೇ ಬಿಡುತ್ತದೆ, ಇಟ್ಟಿಗೆ ಇಡಿಯಾಗಿ ಕೈಗೆ ಬರುತ್ತದೆ. ಹಿಂದಿನ ರೂಮಿನಲ್ಲಿ ಸಿಮೆಂಟು ಗಾರೆ ಇಟ್ಟಿಗೆಗಿಂತ ಗಟ್ಟಿ. ಅಲ್ಲಿ ಗಾರೆ ಬಿಡುವ ಮೊದಲು ಇಟ್ಟಿಗೆಯೇ ಒಡೆಯುತ್ತದೆ. ಹಿಂದಿನ ಭಾಗದಿಂದ ಇಡೀ ಇಟ್ಟಿಗೆ ಸಿಗುವ ಆಸೆ ಇಟ್ಟುಕೊಳ್ಳಬೇಡಿ, ಚೂರು ಅಂತಲೇ ಲೆಕ್ಕ ಹಿಡಿಯಿರಿ. ಒಂದು ಘನ ಮೀಟರ್ ಗೋಡೆಗೆ ಸುಮಾರು 430 ಇಟ್ಟಿಗೆ ಅಂದರೂ ಇಡೀ ಮನೆಯಲ್ಲಿ 15 ಸಾವಿರ ಇದ್ದೀತು. ತಾಳ್ಮೆಯಿಂದ ಬಿಚ್ಚಿದರೆ ಅರ್ಧದಷ್ಟಾದರೂ ಉಳಿಯುತ್ತದೆ.

"ಗಟ್ಟಿ ಇರುತ್ತಾ" ಅನ್ನುವ ನಿಮ್ಮ ಪ್ರಶ್ನೆಗೆ ಇಟ್ಟಿಗೆಯೇ ಉತ್ತರ ಕೊಡುತ್ತದೆ. ಎರಡು ಇಟ್ಟಿಗೆ ತಗೊಂಡು ಒಂದಕ್ಕೊಂದು ಬಡಿಯಿರಿ, ಲೋಹದಂತೆ ಸದ್ದು ಬರಬೇಕು. ಸೊಂಟದ ಎತ್ತರದಿಂದ ಮಣ್ಣಿನ ಮೇಲೆ ಬಿಡಿ, ಒಡೆಯಬಾರದು. ಉಗುರಲ್ಲಿ ಗೀರಿದರೆ ಗೆರೆ ಬೀಳಬಾರದು. ಇನ್ನೊಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಒಣಗಿದ ಇಟ್ಟಿಗೆ ತೂಗಿ, 24 ಗಂಟೆ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ತೂಕ 20%ಗಿಂತ ಜಾಸ್ತಿ ಏರಿದರೆ ಆ ಇಟ್ಟಿಗೆ ಬೇಡ. ಹೊಸ ಇಟ್ಟಿಗೆಗೂ ನಮ್ಮ ದೇಶದ ಮಾನಕ ಇಷ್ಟೇ ಕೇಳುತ್ತದೆ. ನೆಲಕ್ಕೆ ಹತ್ತಿರದ ವರಸೆಗಳಲ್ಲಿ ಬಿಳೀ ಉಪ್ಪು ಹೂವಿನಂತೆ ಎದ್ದಿರುತ್ತದೆ. ಅಂಥವನ್ನು ಹೊಸ ಗೋಡೆಗೆ ಹಾಕಬೇಡಿ, ಪ್ಲಾಸ್ಟರು ಉದುರುತ್ತದೆ. ಪಾಸಾದ ಇಟ್ಟಿಗೆಯನ್ನು ಹಳೇ ಗಾರೆ ಕೆರೆದು, ನೆನೆಸಿ ಬಳಸಿ. ನನ್ನನ್ನು ಕೇಳಿದರೆ ಕಾಂಪೌಂಡು, ಒಳಗಿನ ಅಡ್ಡಗೋಡೆಗಳಿಗೆ ಧೈರ್ಯವಾಗಿ ಹಾಕಿ. ಮಹಡಿ ಹೊರುವ ಗೋಡೆ ಆದರೆ ಕೆಲವು ಇಟ್ಟಿಗೆಯನ್ನು ಲ್ಯಾಬಿನಲ್ಲಿ ಒತ್ತಿಸಿ ನೋಡಿ ಆಮೇಲೆ ಹಾಕಿ.

ಸ್ಲ್ಯಾಬಿನ ಕಂಬಿ ಗುಜರಿಗೆ ಹೋಗಲಿ. ಅದನ್ನು ಕರಗಿಸಿ ಮತ್ತೆ ಕಬ್ಬಿಣ ಮಾಡುತ್ತಾರೆ. ಡೊಂಕಾದ ಹಳೇ ಕಂಬಿಯನ್ನು ನೆಟ್ಟಗೆ ಮಾಡಿ ಹೊಸ ಸ್ಲ್ಯಾಬಿಗೆ ಹಾಕುತ್ತೇವೆ ಅಂದರೆ ಒಪ್ಪಬೇಡಿ. ತಳಪಾಯದ ಸೈಜುಗಲ್ಲು, ಅಡುಗೆಮನೆಯ ಕಡಪ ಕಲ್ಲು, ಮೆಟ್ಟಿಲ ಚಪ್ಪಡಿಗಳಿಗೆ ವಯಸ್ಸಾಗುವುದಿಲ್ಲ. ಸೈಜುಗಲ್ಲು ಹೊಸ ತಳಪಾಯಕ್ಕೇ ಹೋಗಲಿ. ರೆಡ್ ಆಕ್ಸೈಡ್ ನೆಲ ಇದ್ದರೆ ಮಾತ್ರ ಬೇಸರದ ಮಾತು ಹೇಳಬೇಕು. ಅದನ್ನು ಎಬ್ಬಿಸಲು ಬರುವುದಿಲ್ಲ.

ಉಳಿದದ್ದು ಚೂರು. ಇಟ್ಟಿಗೆ ಚೂರು, ಕಾಂಕ್ರೀಟಿನ ಹೆಂಟೆ, ಗಾರೆ ಪುಡಿ. ಇದರಲ್ಲಿ ಶುದ್ಧ ಇಟ್ಟಿಗೆ ಚೂರನ್ನು ತಾರಸಿಯ ಇಳಿಜಾರಿಗೆ, ನೆಲದಡಿ ಹಾಸುವ ಪದರಕ್ಕೆ (ಸೋಲಿಂಗ್) ಬಳಸಬಹುದು. ಪ್ಲಿಂತ್, ಅಂದರೆ ಮನೆ ಕೂರುವ ಪೀಠದ ಒಳಗೆ ತುಂಬುವುದಾದರೆ ಆರಾರು ಇಂಚಿನ ಪದರ ಹಾಕಿ, ನೀರು ಹೊಡೆದು, ದಿಮ್ಮಸು ಹಾಕಿ. ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಕೆಲಸ ಶುರುಮಾಡಿದ ಹೊಸದರಲ್ಲಿ ಒಂದು ಮನೆಯ ನೆಲದಡಿಗೆ ಬೆರಕೆ ಡೆಬ್ರೀಸ್ ತುಂಬಿಸಿದೆ. ಅದರಲ್ಲಿ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಸೀಲಿಂಗಿನ ಚೂರು, ಮರದ ತುಂಡು ಎಲ್ಲ ಇತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಡೆ ನೆಲ ಕುಸಿಯಿತು, ಇನ್ನೊಂದು ಕಡೆ ಉಬ್ಬಿ ಬಿರಿಯಿತು, ಗೆದ್ದಲು ಬಾಗಿಲವಾಡದವರೆಗೆ ಬಂತು. ಮರ ಕೊಳೆತು ಟೊಳ್ಳಾಗಿತ್ತು. ಪಿಒಪಿಯಲ್ಲಿರುವುದು ಜಿಪ್ಸಮ್. ಅದರ ಸಲ್ಫೇಟು ತೇವದಲ್ಲಿ ಸಿಮೆಂಟಿನ ಜೊತೆ ಸೇರಿ ಹಿಗ್ಗುತ್ತದೆ. ಆ ಮನೆಯವರ ಮುಂದೆ ನಿಂತಾಗ ಆದ ಸಂಕಟ ಇನ್ನೂ ಮರೆತಿಲ್ಲ. ಅಂದಿನಿಂದ ಪಿಒಪಿಯನ್ನು ಸೂರು, ಗೋಡೆಗೆ ಕೈ ಹಾಕುವ ಮೊದಲೇ ಕೀಳಿಸಿ ಬೇರೆ ಚೀಲಕ್ಕೆ ತುಂಬಿಸುತ್ತೇನೆ. ನೀವೂ ಹಾಗೇ ಮಾಡಿಸಿ.

ಇಟ್ಟಿಗೆ ಪುಡಿಯ ವಿಷಯ ಬಂದಾಗ ನೆನಪಾಗುತ್ತದೆ, ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲಿ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಗಾರೆ ಅದು. 1911ರಲ್ಲಿ ಕೆಲಸ ಶುರುವಾದ ಕಟ್ಟೆ ಇವತ್ತಿಗೂ ಕಾವೇರಿಯನ್ನು ಹಿಡಿದು ನಿಂತಿದೆ. ಹದವಾಗಿ ಸುಟ್ಟ ಮಣ್ಣಿನ ಪುಡಿ ಸುಣ್ಣದ ಜೊತೆ ಸೇರಿ ನೀರಲ್ಲೂ ಗಟ್ಟಿಯಾಗುತ್ತದೆ ಅನ್ನೋದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಂತ ನಿಮ್ಮ ಡೆಬ್ರೀಸಿನ ಪುಡಿಯಿಂದ ಸುರ್ಕಿ ಮಾಡಲು ಹೋಗಬೇಡಿ. ಅದರಲ್ಲಿ ಸಿಮೆಂಟು, ಪೇಂಟು, ಮಣ್ಣು ಬೆರೆತಿರುತ್ತದೆ.

ಮಿಕ್ಕದ್ದು ಮರುಬಳಕೆ ಘಟಕಕ್ಕೆ ಹೋಗಬೇಕು. ನಮ್ಮ ದೇಶದ ಮೊದಲ ಘಟಕ ದೆಹಲಿಯ ಬುರಾರಿಯಲ್ಲಿ 2009ರಲ್ಲಿ ಶುರುವಾಯಿತು. ಅವಶೇಷದಿಂದ ಮಾಡಿದ ಬ್ಲಾಕುಗಳನ್ನು ಸುಪ್ರೀಂ ಕೋರ್ಟಿನ ಹೊಸ ಹೆಚ್ಚುವರಿ ಕಟ್ಟಡಕ್ಕೂ ಬಳಸಿದ್ದಾರೆ. 2022ರ ಆಗಸ್ಟ್ 28ರಂದು ನೋಯ್ಡಾದ ಅವಳಿ ಗೋಪುರಗಳನ್ನು ಬೀಳಿಸಿದಾಗ ಸುಮಾರು 80,000 ಟನ್ ಅವಶೇಷ ಬರುತ್ತದೆ ಅಂತ ಅಂದಾಜು ಮಾಡಿದ್ದರು. ಅದರಲ್ಲೂ ಒಂದು ಭಾಗ ಅಲ್ಲಿನ ಘಟಕಕ್ಕೆ ಹೋಯಿತು. ಬೆಂಗಳೂರಿನಲ್ಲಿ ಯಲಹಂಕದ ಆಚೆ ಚಿಕ್ಕಜಾಲದಲ್ಲಿ ಇಂಥ ಘಟಕ ಇದೆ.

ಒಳಗೆ ನಡೆಯುವ ಕೆಲಸ ಇಷ್ಟು. ಲಾರಿ ತೂಗುತ್ತಾರೆ. ಮರ, ಬಟ್ಟೆ, ಪ್ಲಾಸ್ಟಿಕ್ಕನ್ನು ಕೈಯಲ್ಲಿ ಆರಿಸುತ್ತಾರೆ. ದೊಡ್ಡ ಹೆಂಟೆ ಕ್ರಷರಿನ ದವಡೆಗೆ ಹೋಗುತ್ತದೆ. ಅಯಸ್ಕಾಂತ ಕಬ್ಬಿಣವನ್ನು ಎಳೆದುಕೊಳ್ಳುತ್ತದೆ. ನೀರಲ್ಲಿ ತೊಳೆದಾಗ ಹಗುರವಾದದ್ದು ತೇಲಿ ಹೋಗುತ್ತದೆ, ಮಣ್ಣು ಕೆಸರಾಗಿ ಇಳಿಯುತ್ತದೆ. ಜರಡಿ ಹಿಡಿದರೆ ಮರಳು, ಜಲ್ಲಿ, ರಸ್ತೆಯಡಿಗೆ ಹಾಕುವ ದಪ್ಪ ಜಲ್ಲಿ ಬೇರೆ ಬೇರೆ ಆಗುತ್ತದೆ. ಅದರಿಂದ ಪೇವರ್, ಕರ್ಬು, ಬ್ಲಾಕು ಮಾಡುತ್ತಾರೆ. ಬೇರ್ಪಡಿಸಿ ಕಳಿಸಿದ ಲೋಡಿನಿಂದ ಒಳ್ಳೇ ಜಲ್ಲಿ ಬರುತ್ತದೆ. ಬೆರಕೆ ಲೋಡಿನಿಂದ ಹೆಚ್ಚಾಗಿ ತುಂಬುವ ಸಾಮಾನು ಮಾತ್ರ.

ಈ ಜಲ್ಲಿ ಹೊಸ ಮನೆಗೆ ಆಗುತ್ತಾ ಅಂತ ಕೇಳುತ್ತೀರಿ. ಜಲ್ಲಿ, ಮರಳಿಗೆ ಇರುವ ನಮ್ಮ ದೇಶದ ಮಾನಕ ಐಎಸ್ 383, 2016ರಲ್ಲಿ ಪರಿಷ್ಕರಿಸಿದ್ದು, ಇದಕ್ಕೆ ಸ್ಪಷ್ಟ ಮಿತಿ ಇಟ್ಟಿದೆ. ಶುದ್ಧ ಕಾಂಕ್ರೀಟಿನಿಂದ ಮಾಡಿದ ಮರುಬಳಕೆ ಜಲ್ಲಿಯನ್ನು ಕಂಬಿ ಇರುವ ಕಾಂಕ್ರೀಟಿನಲ್ಲಿ 20%ವರೆಗೆ, ಅದೂ ಎಂ25 ದರ್ಜೆಯವರೆಗೆ ಮಾತ್ರ ಬಳಸಬಹುದು (ಎಂ ಮುಂದಿನ ಅಂಕಿ ಹೆಚ್ಚಿದಷ್ಟೂ ಕಾಂಕ್ರೀಟು ಗಟ್ಟಿ). ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ 25%. ಎಂ15ಗಿಂತ ಕೆಳಗಿನ ದರ್ಜೆಗೆ ಪೂರ್ತಿ ಇದನ್ನೇ ಹಾಕಬಹುದು. ಇಟ್ಟಿಗೆ ಬೆರೆತ ಜಲ್ಲಿ ಆದರೆ ಈ ಕೆಳದರ್ಜೆಗೆ ಮಾತ್ರ. ಕಾರಣ ಏನೆಂದರೆ ಹಳೇ ಗಾರೆ ಜಲ್ಲಿಗೆ ಅಂಟಿಕೊಂಡೇ ಇರುತ್ತದೆ, ಅದು ನೀರು ಕುಡಿಯುತ್ತದೆ. ಒಣ ಜಲ್ಲಿ ಹಾಕಿದರೆ ಕಾಂಕ್ರೀಟಿನ ನೀರನ್ನೇ ಹೀರಿಬಿಡುತ್ತದೆ. ಅದಕ್ಕೆ ಮೊದಲೇ ನೆನೆಸಿ ಕಲಸಬೇಕು. ನನ್ನ ಸಲಹೆ ಮಾನಕಕ್ಕಿಂತ ಒಂದು ಹೆಜ್ಜೆ ಬಿಗಿ. ಸೈಟಿನಲ್ಲಿ ಬಾಂಡ್ಲಿ ಲೆಕ್ಕದಲ್ಲಿ ಕಲಸುವ ಮನೆ ಆದರೆ ಪಿಲ್ಲರ್, ಬೀಮ್, ಸ್ಲ್ಯಾಬಿಗೆ ಮಾಮೂಲಿ ಜಲ್ಲಿಯನ್ನೇ ಹಾಕಿ. ತಳಪಾಯದಡಿಯ 1:4:8 (ಸಿಮೆಂಟು, ಮರಳು, ಜಲ್ಲಿಯ ಅಳತೆ) ಬೆಡ್ ಕಾಂಕ್ರೀಟು, ಅಂಗಳದ ಪೇವರ್, ಕಾಂಪೌಂಡಿನ ಬ್ಲಾಕು, ಇವಕ್ಕೆ ಮರುಬಳಕೆಯದ್ದನ್ನು ಕೇಳಿ ತರಿಸಿ. ಕೊಳ್ಳುವವರು ಇದ್ದರೆ ಮಾತ್ರ ಘಟಕ ನಡೆಯುತ್ತದೆ.

ತೊಡಕು ಇರೋದು ಸಾಗಣೆಯಲ್ಲಿ. ಚಿಕ್ಕಜಾಲ ನಿಮಗೆ ಊರಿನ ಇನ್ನೊಂದು ತುದಿ. ಟಿಪ್ಪರಿನವರು ಹತ್ತಿರದ ಕಾಲುವೆ ಹುಡುಕುವುದು ಈ ದೂರಕ್ಕೇ. ನಿಮ್ಮ ವಾರ್ಡ್ ಕಚೇರಿಯಲ್ಲಿ ಹತ್ತಿರದ ಸಂಗ್ರಹ ಜಾಗ ಯಾವುದು, ದರ ಎಷ್ಟು ಅಂತ ಕೆಲಸ ಶುರುವಾಗುವ ಮೊದಲೇ ಕೇಳಿ. ಗುತ್ತಿಗೆಯ ಕಾಗದದಲ್ಲಿ ಎರಡು ಸಾಲು ಬರೆಸಿ. ಪ್ರತಿ ಲೋಡಿಗೂ ಇಳಿಸಿದ ಜಾಗದ ತೂಕದ ಚೀಟಿ ತಂದುಕೊಡಬೇಕು. ಚೀಟಿ ಬಂದ ಲೋಡಿಗೆ ಮಾತ್ರ ಸಾಗಣೆ ದುಡ್ಡು. ಕೆಡವುವವರು ಬಾಗಿಲು, ಕಂಬಿ, ಹೆಂಚು ತಮಗೇ ಅಂತ ಲೆಕ್ಕ ಹಾಕಿ ದರ ಹೇಳುತ್ತಾರೆ. ಅವನ್ನು ನೀವು ಇಟ್ಟುಕೊಂಡರೆ ಕೂಲಿ ಜಾಸ್ತಿ ಕೇಳುವುದು ನ್ಯಾಯವೇ, ಕೊಡಿ. ಹೊಸ ಇಟ್ಟಿಗೆ, ಮರ, ಕಲ್ಲು ಕೊಳ್ಳುವ ಖರ್ಚಿನ ಪಕ್ಕ ಇಟ್ಟು ನೋಡಿ ನೀವೇ ತೀರ್ಮಾನಿಸಿ.

ದಿನವಿಡೀ ನೀರು ಹೊಡೆಸುತ್ತಿರಿ. ಕಾಂಕ್ರೀಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಮೊದಲು ಸೇರುವುದು ಕೆಲಸದವರ ಎದೆಗೆ. ಅವರಿಗೆ ಮಾಸ್ಕು, ಕೈಗವಸು ನೀವೇ ತಂದುಕೊಡಿ, ಗುತ್ತಿಗೆದಾರರಿಗೆ ಬಿಡಬೇಡಿ. ಹಿಂದಿನ ಸ್ಲ್ಯಾಬಿಗೆ ಕಾಂಕ್ರೀಟು ಒಡೆಯುವ ಯಂತ್ರ, ಬ್ರೇಕರ್, ಬೇಕೇ ಬೇಕು, ಅದನ್ನು ಕೊನೆಯ ಎರಡು ದಿನಕ್ಕೆ ಇಟ್ಟುಕೊಳ್ಳಿ. ಒಟ್ಟು ಎರಡು ವಾರ ಅಂತ ಮನಸ್ಸಿನಲ್ಲಿಡಿ. ಹಾಗೇ ಮಳೆಗಾಲಕ್ಕೆ ಮುಂಚೆ ಮುಗಿಸಿ. ಹೆಂಚು ಇಳಿಸಿದ ಮೇಲೆ ಸುಣ್ಣದ ಗೋಡೆಯನ್ನು ಮಳೆಗೆ ಬಿಡಬಾರದು. ನೀರು ಕುಡಿದು ಭಾರವಾಗಿ, ಕೆಲಸದವರು ಕೆಳಗಿರುವಾಗಲೇ ವಾಲಿಬಿಡಬಹುದು. ಗೋಡೆ ಪೂರ್ತಿ ಇಳಿಯುವವರೆಗೆ ಒಂದು ಟಾರ್ಪಾಲು ಕೈಗೆ ಸಿಗುವಂತೆ ಇರಲಿ.